ಜಿ. ಎನ್. ರಾಮಚಂದ್ರನ್ ಅವರ ಸಂಶೋಧನೆಯ ಪ್ರಭಾವ: ಒಂದು ವಿಮರ್ಶೆ

೧

ಕನ್ನಡ ಸಾಹಿತ್ಯ ವಿಮರ್ಶೆಯಲ್ಲಿ ‘ಪ್ರಭಾವ’ ಎಂಬ ಮಾತಿಗೆ ನೆಲೆಗೊಂಡ ಅರ್ಥವೊಂದುಂಟು. ರನ್ನನ ಮೇಲೆ ಪಂಪನ ಪ್ರಭಾವವೆಷ್ಟು ಎಂದು ವಿಚಾರಮಾಡುವ ವಿಮರ್ಶಕನು ಉಕ್ತಿ, ಬಂಧ, ಪಾತ್ರಕಲ್ಪನೆಗಳಲ್ಲಿ ಉಳಿದುಬಂದ ಹೆಜ್ಜೆಗುರುತುಗಳನ್ನು ಅರಸುತ್ತಾನೆಯೇ ಹೊರತು, ಹಿಂದಿನ ಕವಿಯ ಹೆಸರು ಎಷ್ಟು ಸಲ ಬಂದಿದೆಯೆಂದು ಎಣಿಸುತ್ತ ಕೂಡುವುದಿಲ್ಲ. ವಿಜ್ಞಾನಿಯ ಪ್ರಭಾವವನ್ನು ಅಳೆಯುವ ಪ್ರಸಂಗ ಬಂದಾಗಲಾದರೋ ಎಣಿಕೆಯೇ ಮುಂದಾಗುತ್ತದೆ. ಎಷ್ಟು ಲೇಖನಗಳು, ಅವುಗಳಿಗೆ ಎಷ್ಟು ಉಲ್ಲೇಖಗಳು, ಯಾವ ಯಾವ ಬಹುಮಾನಗಳು ಎಂಬುದರ ಪಟ್ಟಿಯೇ ಅಲ್ಲಿ ವಿಮರ್ಶೆಯ ಸ್ಥಾನವನ್ನು ಆಕ್ರಮಿಸಿಕೊಂಡುಬಿಡುತ್ತದೆ. ಪಟ್ಟಿಯಿಂದ ಪ್ರಯೋಜನವಿಲ್ಲವೆಂದಲ್ಲ. ಒಬ್ಬನ ಕೆಲಸವನ್ನು ಎಷ್ಟು ಮಂದಿ ನೆನೆದರೆಂಬುದನ್ನು ಅದು ಹೇಳಬಲ್ಲುದು. ಆ ಕೆಲಸದಿಂದ ಉಳಿದವರ ವಿಚಾರಪದ್ಧತಿ ಹೇಗೆ ಮಾರ್ಪಟ್ಟಿತೆಂಬುದನ್ನು ಹೇಳಲಾರದು.

ಈ ವ್ಯತ್ಯಾಸವನ್ನು ಪರಿಶೀಲಿಸಲು ಜಿ. ಎನ್. ರಾಮಚಂದ್ರನ್ ಅವರ ಸಂಶೋಧನೆ ತಕ್ಕ ನಿದರ್ಶನವಾಗಿದೆ. ಅವರನ್ನು ಕುರಿತ ಜನಪ್ರಿಯ ಬರಹಗಳು ಬಹುಮಟ್ಟಿಗೆ ಒಂದೇ ಪಲ್ಲವಿಯನ್ನು ಹಾಡುತ್ತವೆ: ನೊಬೆಲ್ ಬಹುಮಾನ ಬರಬೇಕಾಗಿತ್ತು, ಬರಲಿಲ್ಲ. ಈ ಅಳಲಿನಲ್ಲಿ ಅಭಿಮಾನವಿದೆ, ವಿಮರ್ಶೆಯಿಲ್ಲ. ದೊರೆಯದ ಬಹುಮಾನದಿಂದ ಒಬ್ಬ ವಿದ್ವಾಂಸನನ್ನು ಅಳೆಯುವುದು, ದೊರೆತ ಬಹುಮಾನದಿಂದ ಅಳೆಯುವಷ್ಟೇ ಹೊರಗಿನ ಮಾತು.

ರಾಮಚಂದ್ರನ್ ಅವರು ಅಧ್ಯಯನದಿಂದಲೂ ಪದವಿಯಿಂದಲೂ ಭೌತಶಾಸ್ತ್ರಜ್ಞರು. ಅವರನ್ನು ಸೈದ್ಧಾಂತಿಕ ರಸಾಯನಶಾಸ್ತ್ರದ ಸಾಲಿಗೆ ಸೇರಿಸಬಹುದೇ ಎಂಬ ಶಂಕೆ ಸಹಜ. ಆದರೆ ಶಾಸ್ತ್ರವನ್ನು ನಿರ್ಣಯಿಸತಕ್ಕದ್ದು ಪೀಠದ ಹೆಸರಲ್ಲ, ಪ್ರಶ್ನೆಯ ಸ್ವರೂಪ. ಪರಮಾಣುಗಳ ಗಾತ್ರ, ಬಂಧಗಳ ಉದ್ದ, ಅವುಗಳ ನಡುವಣ ಕೋನ ಇಷ್ಟನ್ನು ತಿಳಿದು, ಒಂದು ಅಣು ಯಾವ ಆಕಾರವನ್ನು ತಾಳಬಹುದು, ಯಾವುದನ್ನು ತಾಳಲಾಗದು ಎಂದು ಲೆಕ್ಕದಿಂದ ನಿಶ್ಚಯಿಸುವುದು ಸೈದ್ಧಾಂತಿಕ ರಸಾಯನಶಾಸ್ತ್ರದ ನಡುಮನೆಯ ಪ್ರಶ್ನೆ. ೧೯೬೩ರಲ್ಲಿ ಮದರಾಸಿನಲ್ಲಿ ರಾಮಚಂದ್ರನ್ ಮತ್ತು ಅವರ ಸಂಗಡಿಗರು ಉತ್ತರಿಸಿದ್ದು ಈ ಪ್ರಶ್ನೆಯನ್ನೇ.

೨

ಈ ವಿಷಯಕ್ಕೂ ಚೆನ್ನೈ ನಗರದ ತೆಂಕಣ ಭಾಗಕ್ಕೂ ಇರುವ ನಂಟು ಗಮನಾರ್ಹವಾದುದು. ಕ್ರೋಂಪೇಟೆಗೆ ಆ ಹೆಸರು ಬಂದದ್ದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ನೆಲೆಗೊಂಡ ಕ್ರೋಂ ಚರ್ಮದ ಕಾರ್ಖಾನೆಯಿಂದ. ಅದಕ್ಕೆ ಮೊದಲು ಮದರಾಸು ಪ್ರಾಂತದಲ್ಲಿ ಚರ್ಮವನ್ನು ಹದಮಾಡುತ್ತಿದ್ದುದು ಹೆಚ್ಚಾಗಿ ತಂಗಡಿಯ ತೊಗಟೆಯಿಂದ. ಕ್ರೋಮಿಯಂ ಲವಣದಿಂದ ಹದಮಾಡುವ ಹೊಸ ಪದ್ಧತಿಯನ್ನು ಇಲ್ಲಿ ಪ್ರಯೋಗಿಸಿ ಪ್ರಚಾರಕ್ಕೆ ತಂದವರಲ್ಲಿ ಮುಖ್ಯರು ಆಲ್‌ಫ್ರೆಡ್ ಚಾಟರ್‌ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಕನ್ನಡನಾಡಿಗೆ ಪರಿಚಿತರಾದವರೂ ಅವರೇ.

ಹದಮಾಡಿದ ಚರ್ಮ ಕೊಳೆಯುವುದಿಲ್ಲ, ಬಿಸಿನೀರಿಗೆ ಸುಲಭವಾಗಿ ಮುದುಡುವುದಿಲ್ಲ. ಹಸಿಯ ಚರ್ಮವು ಸುಮಾರು ೬೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಮುದುಡಿದರೆ, ಕ್ರೋಂ ಹದವುಂಡದ್ದು ಕುದಿಯುವ ನೀರನ್ನೂ ತಾಳುತ್ತದೆ. ಕಾರಣವಿಷ್ಟೆ: ಚರ್ಮದ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ಪ್ರೋಟೀನು, ಅದರ ಪಾರ್ಶ್ವಗಳಲ್ಲಿರುವ ಆಮ್ಲಗುಂಪುಗಳನ್ನು ಕ್ರೋಮಿಯಂ ಪರಮಾಣುಗಳು ಹಿಡಿದು, ಎಳೆಗೂ ಎಳೆಗೂ ಬೆಸುಗೆ ಹಾಕುತ್ತವೆ. ಹಾಗಾದರೆ ಆ ಎಳೆಗಳ ವಿನ್ಯಾಸವಾದರೂ ಎಂಥದು? ಕಾರ್ಖಾನೆಯು ತನ್ನ ಕೆಲಸವನ್ನು ಆರಂಭಿಸಿ ದಶಕಗಳು ಕಳೆದರೂ ಲೋಕದಲ್ಲಿ ಯಾರೂ ಇದಕ್ಕೆ ಸರಿಯುತ್ತರವನ್ನು ಅರಿತಿರಲಿಲ್ಲ. ಕ್ರೋಂಪೇಟೆಯಿಂದ ರೈಲಿನಲ್ಲಿ ಪಲ್ಲಾವರಂ, ತ್ರಿಶೂಲಂ, ಮೀನಂಬಾಕ್ಕಂ, ಪಳವಂತಾಂಗಲ್, ಸೇಂಟ್ ಥಾಮಸ್ ಮೌಂಟ್ ನಿಲ್ದಾಣಗಳನ್ನು ದಾಟಿದರೆ ಗಿಂಡಿ. ಆ ಪ್ರದೇಶದಲ್ಲಿ ತಮ್ಮ ವಿಭಾಗವನ್ನು ಕಟ್ಟಿದ ಮದರಾಸು ವಿಶ್ವವಿದ್ಯಾಲಯದ ಆಚಾರ್ಯರೊಬ್ಬರೇ ಆ ಉತ್ತರದ ಪ್ರಮುಖ ಭಾಗವನ್ನು ಕಂಡುಹಿಡಿದರು.

ರಾಮಚಂದ್ರನ್ ಅವರು ೧೯೨೨ರ ಅಕ್ಟೋಬರ್ ೮ರಂದು ಎರ್ನಾಕುಳದಲ್ಲಿ ಜನಿಸಿದರು. ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ತಂತ್ರವಿದ್ಯೆಯನ್ನು ಕಲಿಯಲು ಬಂದು, ಸಿ. ವಿ. ರಾಮನ್ ಅವರ ಸೆಳೆತಕ್ಕೊಳಗಾಗಿ ಭೌತಶಾಸ್ತ್ರಕ್ಕೆ ತಿರುಗಿದರು. ಸ್ಫಟಿಕಗಳನ್ನೂ ಕ್ಷ-ಕಿರಣಗಳನ್ನೂ ಕುರಿತ ಶಿಕ್ಷಣ ಬೆಂಗಳೂರಿನಲ್ಲಾಯಿತು. ೧೯೪೭ರಿಂದ ೧೯೪೯ರವರೆಗೆ ಕೇಂಬ್ರಿಜ್‌ನಲ್ಲಿ ಅದು ಮುಂದುವರಿಯಿತು. ೧೯೫೨ರಲ್ಲಿ, ಮೂವತ್ತರ ಹೊಸ್ತಿಲಲ್ಲಿ, ರಾಮನ್ನರ ಶಿಫಾರಸಿನ ಮೇಲೆ ಮದರಾಸಿನ ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ಇವರನ್ನು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರನ್ನಾಗಿ ಕರೆತಂದರು. ಅದೇ ಕಾಲದಲ್ಲಿ ಭೇಟಿಯಿತ್ತ ಆಂಗ್ಲ ವಿಜ್ಞಾನಿ ಜೆ. ಡಿ. ಬರ್ನಾಲ್ ಕೊಲಾಜೆನ್ ಸಮಸ್ಯೆಯನ್ನು ಸೂಚಿಸಿದರು. ಚರಿತ್ರೆಗೆ ಇಷ್ಟು ಸಾಕು, ಉಳಿದದ್ದು ಕೃತಿವಿಚಾರ.

೩

೧೯೫೪ರಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು ‘ನೇಚರ್’ ಪತ್ರಿಕೆಯಲ್ಲಿ ಕೊಲಾಜೆನ್ನಿನ ರಚನೆಯೊಂದನ್ನು ಪ್ರತಿಪಾದಿಸಿದರು. ಮೂರು ಎಳೆಗಳು ಜೊತೆಯಾಗಿ ನಿಂತಿವೆ. ಪ್ರತಿಯೊಂದು ಎಳೆಯೂ ಸುರುಳಿ. ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸಿನ್ ಎಂಬ ಅತ್ಯಂತ ಚಿಕ್ಕ ಅಮೈನೋ ಆಮ್ಲ ಇರಲೇಬೇಕು. ಏಕೆಂದರೆ ಮೂರೆಳೆಗಳೂ ಒತ್ತೊತ್ತಾಗಿ ಕೂಡುವ ನಡುವಣ ಇಕ್ಕಟ್ಟಿನಲ್ಲಿ ದೊಡ್ಡದಕ್ಕೆ ಎಡೆಯಿಲ್ಲ. ಕೊಲಾಜೆನ್ನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗ್ಲೈಸಿನ್ ಎಂಬುದು ರಾಸಾಯನಿಕ ವಿಶ್ಲೇಷಣೆಯಿಂದ ಮೊದಲೇ ತಿಳಿದಿದ್ದಿತು. ಅದು ಏಕೆ ಹಾಗಿದೆಯೆಂಬುದಕ್ಕೆ ಅರ್ಥ ದೊರೆತದ್ದು ಈ ಮಾದರಿಯಿಂದ. ೧೯೫೫ರಲ್ಲಿ ಇವರೇ ತಮ್ಮ ಮಾದರಿಯನ್ನು ತಿದ್ದಿ, ಮೂರು ಸುರುಳಿಗಳೂ ಒಂದರ ಸುತ್ತ ಒಂದು ಹಗ್ಗದಂತೆ ಹೊಸೆದುಕೊಂಡಿವೆ ಎಂದು ಹೇಳಿದರು.

ಅದೇ ವರ್ಷ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಗ್ಸಾಂಡರ್ ರಿಚ್ ಅವರು ಹೊಸೆದ ತ್ರಿಸುರುಳಿಯ ಮೂಲ ಕಲ್ಪನೆಯನ್ನು ಒಪ್ಪಿ, ವಿವರದಲ್ಲಿ ಭಿನ್ನವಾದ ಮಾದರಿಯನ್ನು ಮುಂದಿಟ್ಟರು. ವಿವಾದದ ಅಂಶ ಎರಡು. ಒಂದು, ಮೂರು ಅಮೈನೋ ಆಮ್ಲಗಳ ಪ್ರತಿ ಗುಂಪಿಗೂ ಎಳೆಗಳ ನಡುವೆ ಎರಡು ಜಲಜನಕ ಬಂಧಗಳಿವೆಯೆಂದು ಮದರಾಸಿನವರು, ಒಂದೇ ಎಂದು ಕೇಂಬ್ರಿಜ್‌ನವರು. ಎರಡು, ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆಯೆಂಬ ಆಕ್ಷೇಪಣೆ.

ಈ ವಿವಾದವನ್ನು ನಮ್ಮವರು–ಪರರು ಎಂಬ ಕಣ್ಣಿನಿಂದ ನೋಡಿದವರೇ ಹೆಚ್ಚು. ತೀರ್ಪನ್ನು ಕೊಡಬೇಕಾದದ್ದು ಪ್ರಮಾಣ. ೧೯೯೪ರಲ್ಲಿ ಕೊಲಾಜೆನ್ನನ್ನು ಹೋಲುವ ಪೆಪ್ಟೈಡೊಂದರ ಸ್ಫಟಿಕವನ್ನು ಹೆಲನ್ ಬರ್ಮನ್, ಬಾರ್ಬರಾ ಬ್ರಾಡ್‌ಸ್ಕಿ ಮೊದಲಾದವರು ಸೂಕ್ಷ್ಮವಾಗಿ ಪರಿಶೀಲಿಸಿದಾಗ, ನೇರವಾದ ಜಲಜನಕ ಬಂಧ ಒಂದೇ ಎಂಬುದು ಸಿದ್ಧವಾಯಿತು. ಈ ಅಂಶದಲ್ಲಿ ಕ್ರಿಕ್ ಮತ್ತು ರಿಚ್ ಅವರ ಪಕ್ಷವೇ ಗೆದ್ದಿತೆಂದು ನಿಸ್ಸಂಕೋಚವಾಗಿ ಹೇಳಬೇಕು. ಆದರೆ ಅದೇ ಸ್ಫಟಿಕದಲ್ಲಿ ಎಳೆಯಿಂದ ಎಳೆಗೆ ನೀರಿನ ಅಣುಗಳ ಸೇತುವೆಗಳೂ ಕಂಡುಬಂದವು. ನೇರವಾಗಿ ಸಾಧ್ಯವಾಗದ ಎರಡನೆಯ ಬಂಧವು ನೀರಿನ ಅಣುವಿನ ಮೂಲಕ ಏರ್ಪಡಬಹುದೆಂದು ರಾಮಚಂದ್ರನ್ ಅವರು ೧೯೬೮ರಲ್ಲಿಯೇ ಸೂಚಿಸಿದ್ದರೆಂಬುದನ್ನೂ ಮರೆಯಲಾಗದು. ತ್ರಿಸುರುಳಿಯ ಮೂಲ ಕಲ್ಪನೆ ಮದರಾಸಿನದು. ಅದರ ಶುದ್ಧ ರೂಪ ಹಲವರ ಕೈವಾಡದಿಂದ ಬಂದದ್ದು. ಹೀಗೆ ಹೇಳುವುದರಿಂದ ರಾಮಚಂದ್ರನ್ ಅವರ ಘನತೆಗೆ ಕುಂದಿಲ್ಲ.

ಪ್ರಭಾವದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಗ್ಲೈಸಿನ್ನಿನ ನಿಯಮ. ಎಲುಬುಗಳು ಸಣ್ಣ ಪೆಟ್ಟಿಗೂ ಮುರಿಯುವ ಒಂದು ಆನುವಂಶಿಕ ರೋಗವುಂಟು. ಅದರ ಉಗ್ರವಾದ ಅನೇಕ ಪ್ರಕಾರಗಳಲ್ಲಿ ಕೊಲಾಜೆನ್ನಿನ ಒಂದೇ ಒಂದು ಗ್ಲೈಸಿನ್ನಿನ ಸ್ಥಾನದಲ್ಲಿ ಬೇರೊಂದು ದೊಡ್ಡ ಅಮೈನೋ ಆಮ್ಲ ಬಂದು ಕೂತಿರುತ್ತದೆ. ಮೂರರಲ್ಲೊಂದು ಸ್ಥಾನ ಏಕೆ ಅಲಂಘ್ಯವೆಂಬುದನ್ನು ಅರಿಯದಿದ್ದರೆ ಈ ರೋಗದ ಮೂಲವೂ ತಿಳಿಯುತ್ತಿರಲಿಲ್ಲ. ಈ ಮಾತನ್ನು ಇಂದು ವೈದ್ಯಶಾಸ್ತ್ರದ ಪಠ್ಯಗಳು ಯಾರ ಹೆಸರನ್ನೂ ಹೇಳದೆ ಸಾಮಾನ್ಯ ಜ್ಞಾನದಂತೆ ಹೇಳುತ್ತವೆ.

೪

ಎರಡನೆಯ ಆಕ್ಷೇಪಣೆಯ ಕಥೆ ಇನ್ನೂ ಸ್ವಾರಸ್ಯವಾದುದು. ಪರಮಾಣುಗಳು ‘ಇರಬಾರದಷ್ಟು’ ಹತ್ತಿರ ಬಂದಿವೆಯೆಂದರು. ಸರಿ, ಎಷ್ಟು ಹತ್ತಿರ ಬರಬಹುದು? ಇದಕ್ಕೆ ಎಲ್ಲರೂ ಒಪ್ಪಿದ ಉತ್ತರ ಅಂದು ಇರಲಿಲ್ಲ. ಟೀಕೆಗೆ ಪ್ರತಿಟೀಕೆಯನ್ನು ಬರೆದು ಸುಮ್ಮನಾಗುವ ಬದಲು ರಾಮಚಂದ್ರನ್ ಅವರು ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಅಂದಿಗೆ ರಚನೆ ತಿಳಿದಿದ್ದ ಅಮೈನೋ ಆಮ್ಲಗಳು, ಪೆಪ್ಟೈಡುಗಳು ಮುಂತಾದವುಗಳ ಸ್ಫಟಿಕಗಳಲ್ಲಿ, ಬಂಧವಿಲ್ಲದ ಪರಮಾಣುಗಳು ವಾಸ್ತವವಾಗಿ ಎಷ್ಟು ಸಮೀಪದಲ್ಲಿವೆಯೆಂದು ಪಟ್ಟಿಮಾಡಲಾಯಿತು. ಸಾಮಾನ್ಯ ಮಿತಿ, ತುತ್ತತುದಿಯ ಮಿತಿ ಎಂದು ಎರಡನ್ನು ಗೊತ್ತುಮಾಡಲಾಯಿತು. ಉದಾಹರಣೆಗೆ, ಎರಡು ಇಂಗಾಲ ಪರಮಾಣುಗಳಿಗೆ ಸಾಮಾನ್ಯ ಮಿತಿ ೩.೨ ಆಂಗ್‌ಸ್ಟ್ರಾಮ್, ತುತ್ತತುದಿಯ ಮಿತಿ ೩.೦.

ಪ್ರೋಟೀನಿನ ಸರಪಣಿಯಲ್ಲಿ ಪೆಪ್ಟೈಡ್ ಬಂಧದ ಸುತ್ತಣ ಪರಮಾಣುಗಳು ಒಂದು ಚಪ್ಪಟೆಯ ಹಲಗೆಯಂತೆ ಬಿಗಿದುಕೊಂಡಿರುತ್ತವೆಂಬುದನ್ನು ಲೈನಸ್ ಪಾಲಿಂಗ್ ಮತ್ತು ರಾಬರ್ಟ್ ಕೋರಿ ಮೊದಲೇ ತೋರಿಸಿದ್ದರು. ಹಲಗೆಗೂ ಹಲಗೆಗೂ ನಡುವೆ ಒಂದು ಇಂಗಾಲ ಪರಮಾಣು. ಅದರ ಎರಡು ಕಡೆಗೂ ತಿರುಗಬಲ್ಲ ಒಂದೊಂದು ಬಂಧ. ಎರಡು ಹಲಗೆಗಳು ಎರಡು ಕೀಲುಗಳ ಮೇಲೆ ತಿರುಗುವಂತೆ ಇದನ್ನು ಭಾವಿಸಬಹುದು. ಈ ಎರಡು ತಿರುವುಗಳ ಕೋನಗಳಿಗೆ ಇಂದು ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರಿದೆ. ಸರಪಣಿಯುದ್ದಕ್ಕೂ ಪ್ರತಿಯೊಂದು ಕೀಲುಜೋಡಿಯ ಫೈ–ಸೈಗಳನ್ನು ಹೇಳಿದರೆ ಬೆನ್ನೆಲುಬಿನ ಆಕಾರವನ್ನೇ ಹೇಳಿದಂತೆ. ಬಾಗಿಲು ಗೋಡೆಗೆ ತಗಲುವಲ್ಲಿಗೆ ನಿಲ್ಲುವಂತೆ, ಈ ಹಲಗೆಗಳೂ ತಮ್ಮ ಪರಮಾಣುಗಳು ಒಂದಕ್ಕೊಂದು ತಗಲುವಲ್ಲಿ ನಿಲ್ಲಲೇಬೇಕು. ಒಂದು ಅಕ್ಷದಲ್ಲಿ ಫೈ, ಇನ್ನೊಂದರಲ್ಲಿ ಸೈ ಇಟ್ಟು, ೩೬೦ ಡಿಗ್ರಿಗಳ ಚೌಕದಲ್ಲಿ ಪರಮಾಣುಗಳು ತಗಲದ ಎಡೆಗಳನ್ನು ಗುರುತಿಸಿದಾಗ ದೊರೆತದ್ದೇ ನಕ್ಷೆ. ಚೌಕದ ಮುಕ್ಕಾಲು ಭಾಗ ನಿಷಿದ್ಧ. ಸಮುದ್ರದ ನಡುವಣ ದ್ವೀಪಗಳಂತೆ ಕೆಲವು ಪ್ರದೇಶಗಳು ಮಾತ್ರ ಗಮ್ಯ. ಪಾಲಿಂಗ್ ಅವರ ಆಲ್ಫಾ ಸುರುಳಿ, ಬೀಟಾ ಹಾಳೆ, ಕೊಲಾಜೆನ್ನಿನ ಸುರುಳಿ ಎಲ್ಲವೂ ಆ ದ್ವೀಪಗಳಲ್ಲಿಯೇ ಬಿದ್ದವು.

ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಈ ಮೂವರ ಹೆಸರಿನಲ್ಲಿ ೧೯೬೩ರಲ್ಲಿ ಪ್ರಕಟವಾದ ಈ ಲೇಖನದ ವಿಸ್ತಾರ ಕೇವಲ ಐದು ಪುಟ. ಲೆಕ್ಕವೆಲ್ಲ ಮೇಜಿನ ಮೇಲಣ ಕೈಯಂತ್ರದಿಂದ ಆದದ್ದು. ಅಂದಿಗೆ ಸಂಪೂರ್ಣವಾಗಿ ತಿಳಿದ ಪ್ರೋಟೀನು ರಚನೆಗಳು ಬೆರಳೆಣಿಕೆಗೂ ಕಡಿಮೆ. ಮುಂದೆ ಕಂಡುಬರಲಿದ್ದ ಲಕ್ಷಾವಧಿ ರಚನೆಗಳು ಎಲ್ಲಿ ನಿಲ್ಲಬೇಕೆಂಬುದನ್ನು, ಅವು ಕಾಣುವುದಕ್ಕೆ ಮೊದಲೇ, ಸರಳವಾದ ಗಣಿತದಿಂದ ಹೇಳಿದ್ದು ಈ ಲೇಖನದ ನಿಜವಾದ ಸಾಹಸ. ಕ್ರಿಕ್ ಮತ್ತು ರಿಚ್ ಅವರ ಟೀಕೆ ಇಲ್ಲದಿದ್ದರೆ ಇದು ಹುಟ್ಟುತ್ತಿತ್ತೇ ಎಂಬುದು ಸಂದೇಹ. ವಿವರದಲ್ಲಿ ಸೋತ ವಾದವೊಂದು ಸಾಧನದಲ್ಲಿ ಗೆದ್ದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿಜ್ಞಾನದ ಇತಿಹಾಸದಲ್ಲಿ ವಿರಳ.

೫

ಈ ನಕ್ಷೆಯ ಪ್ರಭಾವ ಎಲ್ಲಿದೆ? ಉಲ್ಲೇಖಗಳ ಎಣಿಕೆಯಲ್ಲಿ ಅದನ್ನು ಹುಡುಕಿದರೆ ಅರ್ಧ ಮಾತ್ರ ಸಿಕ್ಕೀತು. ಒಂದು ಸಂಶೋಧನೆ ಎಲ್ಲರ ಮಾತಿನಲ್ಲಿ ಬೆರೆತುಹೋದಾಗ ಅದನ್ನು ಉಲ್ಲೇಖಿಸುವ ಅಗತ್ಯವೇ ತಪ್ಪುತ್ತದೆ. ‘ರಾಮಚಂದ್ರನ್ ನಕ್ಷೆ’ ಎಂದು ಬರೆದವನು ೧೯೬೩ರ ಲೇಖನವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದನ್ನು ಎಂದೋ ಬಿಟ್ಟಿದ್ದಾನೆ. ಹೆಸರು ಉಳಿದು ಉಲ್ಲೇಖ ಅಳಿಯುವುದು ಪ್ರಭಾವದ ಕೊರತೆಯಲ್ಲ, ಅದರ ಪರಾಕಾಷ್ಠೆ.

ನಿಜವಾದ ಪ್ರಭಾವವಿರುವುದು ಅದರ ಬಳಕೆಯಲ್ಲಿ. ೧೯೭೧ರಲ್ಲಿ ಆರಂಭವಾದ ಪ್ರೋಟೀನು ರಚನೆಗಳ ಅಂತರರಾಷ್ಟ್ರೀಯ ಭಂಡಾರದಲ್ಲಿ ಇಂದು ಎರಡು ಲಕ್ಷಕ್ಕೂ ಮಿಕ್ಕ ರಚನೆಗಳಿವೆ. ಹೊಸ ರಚನೆಯೊಂದು ಬಂದಾಗ ಅದರ ಕೀಲುಗಳು ಗಮ್ಯ ಪ್ರದೇಶದಲ್ಲಿವೆಯೇ ಎಂದು ನಕ್ಷೆಯ ಮೇಲಿಟ್ಟು ನೋಡುವುದು ವಾಡಿಕೆಯ ಪರೀಕ್ಷೆಗಳಲ್ಲೊಂದು. ಬ್ಯಾಂಕಿನ ಶಾಖೆಯಲ್ಲಿ ದಿನದ ಕೊನೆಗೆ ಜಮಾ–ಖರ್ಚು ತಾಳೆನೋಡುವುದಕ್ಕೆ ಇದನ್ನು ಹೋಲಿಸಬಹುದು. ತಾಳೆಯಾಗದಿದ್ದರೆ ಎಲ್ಲಿಯೋ ತಪ್ಪಿದೆಯೆಂಬುದು ನಿಶ್ಚಯ. ತಾಳೆಯಾದ ಮಾತ್ರಕ್ಕೆ ಎಲ್ಲವೂ ಸರಿಯೆಂಬ ಖಾತರಿಯಿಲ್ಲ. ನಕ್ಷೆಯೂ ಅಂಥದೇ.

ಇದರ ಬೆಲೆಯೆಲ್ಲ ನಿಂತಿರುವುದು ಸ್ವಾತಂತ್ರ್ಯದ ಮೇಲೆ: ರಚನೆಯನ್ನು ಕಟ್ಟುವಾಗ ನಕ್ಷೆಯನ್ನು ಬಳಸದಿದ್ದರೆ ಮಾತ್ರ ನಕ್ಷೆಯು ಹೊರಗಿನ ಸಾಕ್ಷಿಯಾಗಬಲ್ಲುದು. ಈಚಿನ ಗಣಕಕ್ರಮಗಳಲ್ಲಿ ಕೆಲವು, ರಚನೆಯನ್ನು ತಿದ್ದುವಾಗಲೇ ಕೀಲುಗಳನ್ನು ಗಮ್ಯ ಪ್ರದೇಶಕ್ಕೆ ತಳ್ಳುವ ಸೌಲಭ್ಯವನ್ನು ಒದಗಿಸುತ್ತವೆ. ಅಸ್ಪಷ್ಟವಾದ ಮಾಹಿತಿಯಿಂದ ರಚನೆಯನ್ನು ಎತ್ತಬೇಕಾದಾಗ ಇದು ಅನಿವಾರ್ಯವಾಗಬಹುದು. ಆದರೆ ತಾಳೆಬೀಳದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಲೆಕ್ಕ ಸರಿಹೋಯಿತೆನ್ನುವಂತೆ, ಹೀಗೆ ತಳ್ಳಿದ ರಚನೆಯನ್ನು ಮತ್ತೆ ನಕ್ಷೆಯಿಂದಲೇ ಪರೀಕ್ಷಿಸಿ ‘ಶುದ್ಧ’ವೆನ್ನುವುದು ಆತ್ಮವಂಚನೆ. ಸಾಕ್ಷಿಯನ್ನೇ ಗುರಿಯಾಗಿಸಿಕೊಂಡಾಗ ಸಾಕ್ಷಿತ್ವ ಹೋಗುತ್ತದೆ. ಪ್ರಭಾವವು ಅತಿಯಾದಾಗ ಬರುವ ವಿಪತ್ತು ಇದು. ನಕ್ಷೆಯ ದೋಷವಲ್ಲ, ಬಳಸುವವರದು.

ನಕ್ಷೆಗೂ ತನ್ನ ಮಿತಿಗಳಿವೆ. ಪರಮಾಣುಗಳನ್ನು ಗಟ್ಟಿ ಗೋಲಿಗಳೆಂದು ಭಾವಿಸಿದುದರಿಂದ ಅದು ಸಾಧ್ಯ–ಅಸಾಧ್ಯಗಳನ್ನು ಹೇಳುತ್ತದೆ. ಯಾವುದು ಎಷ್ಟು ಸುಲಭವೆಂದು ಹೇಳುವುದಿಲ್ಲ. ಆ ಶಕ್ತಿಲೆಕ್ಕವನ್ನು ಹೆರಾಲ್ಡ್ ಶೆರಾಗ, ಪಾಲ್ ಫ್ಲೋರಿ ಮೊದಲಾದವರೂ ಮದರಾಸಿನ ತಂಡದವರೂ ಮುಂದೆ ಬೆಳೆಸಿದರು. ಸರಿಯಾದ ರಚನೆಯಲ್ಲಿಯೂ ಒಂದೆರಡು ಕೀಲುಗಳು ನಿಷಿದ್ಧ ಪ್ರದೇಶದಲ್ಲಿರುವುದುಂಟು. ಕೆಲವೊಮ್ಮೆ ಪ್ರೋಟೀನಿನ ಕಾರ್ಯಕ್ಕೆ ಅಂಥ ಸ್ಥಾನಗಳೇ ಮುಖ್ಯ. ಸರಪಣಿಯು ಒಟ್ಟಾಗಿ ಹೇಗೆ ಮಡಚಿಕೊಳ್ಳುವುದೆಂಬ ದೊಡ್ಡ ಪ್ರಶ್ನೆಗಂತೂ ಈ ನಕ್ಷೆಯೊಂದೇ ಉತ್ತರವಾಗಲಾರದು. ಆ ಪ್ರಶ್ನೆಯಲ್ಲಿ ಗಣಕಗಳಿಂದ ಮಹತ್ತ್ವದ ಮುನ್ನಡೆ ಸಾಧಿಸಿದುದಕ್ಕಾಗಿ ೨೦೨೪ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧಭಾಗ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು. ಆ ಗಣಕಗಳು ಊಹಿಸಿದ ರಚನೆಗಳನ್ನೂ ಇಂದು ಅದೇ ಹಳೆಯ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

೬

ರಾಮಚಂದ್ರನ್ ಅವರ ಎಲ್ಲ ಕೃತಿಗಳ ಪ್ರಭಾವವೂ ಒಂದೇ ಸಮನಲ್ಲ. ೧೯೭೧ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಹಲವು ದಿಕ್ಕುಗಳಿಂದ ತೆಗೆದ ಛಾಯೆಗಳಿಂದ ಒಳಗಿನ ರೂಪವನ್ನು ಮರಳಿ ಕಟ್ಟುವ ಗಣಿತವನ್ನು ಅವರು ಪ್ರಕಟಿಸಿದರು. ಇಂದು ಆಸ್ಪತ್ರೆಗಳಲ್ಲಿ ರೂಢವಾಗಿರುವ ಸಿ.ಟಿ. ಸ್ಕ್ಯಾನ್ ವಿದ್ಯೆಯಲ್ಲಿ ಇವರಿಬ್ಬರ ಹೆಸರಿನ ಮೊದಲ ಅಕ್ಷರಗಳಿಂದ ‘ರಾಮ್–ಲ್ಯಾಕ್’ ಎಂಬ ಶೋಧಕ ಪ್ರಸಿದ್ಧವಾಗಿದೆ. ಈ ವಿದ್ಯೆಗೆ ೧೯೭೯ರಲ್ಲಿ ನೊಬೆಲ್ ಬಂದದ್ದು ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ. ಇದನ್ನು ಅನ್ಯಾಯವೆಂದು ಹೇಳುವವರು, ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡ್ಲ್ ಇದೇ ಬಗೆಯ ಗಣಿತವನ್ನು ೧೯೬೭ರಲ್ಲಿ ಕೊಟ್ಟಿದ್ದರೆಂಬುದನ್ನೂ ತೂಕಕ್ಕೆ ಹಾಕಬೇಕು. ತಮ್ಮ ಕೊನೆಯ ಕಾರ್ಯಕಾಲದಲ್ಲಿ ರಾಮಚಂದ್ರನ್ ಜೈನರ ಸ್ಯಾದ್ವಾದವನ್ನು ಗಣಿತ ತರ್ಕದೊಡನೆ ಜೋಡಿಸುವ ಪ್ರಯತ್ನವನ್ನೂ ಮಾಡಿದರು. ಜೈನಕವಿಗಳ ಪರಂಪರೆಯನ್ನು ಬಲ್ಲ ಕನ್ನಡಿಗನಿಗೆ ಇದು ಕುತೂಹಲಕರ; ಆದರೆ ವಿದ್ವತ್ಪ್ರಪಂಚದಲ್ಲಿ ಅದು ನಕ್ಷೆಯಂತೆ ಬೇರುಬಿಡಲಿಲ್ಲ. ಮೇಧಾವಿಯ ಕೈಯಿಂದ ಬಂದದ್ದೆಲ್ಲ ಸಮವಾಗಿ ಫಲಿಸಬೇಕೆಂಬ ನಿಯಮವಿಲ್ಲ.

ಪ್ರಭಾವದ ಮತ್ತೊಂದು ಮುಖ ಸಂಸ್ಥೆಗಳು. ಮದರಾಸಿನಲ್ಲಿ ಸ್ಫಟಿಕಶಾಸ್ತ್ರ ಮತ್ತು ಜೀವಭೌತಶಾಸ್ತ್ರದ ಉನ್ನತಾಧ್ಯಯನ ಕೇಂದ್ರ, ಬೆಂಗಳೂರಿನಲ್ಲಿ ೧೯೭೧ರಲ್ಲಿ ಅವರು ಕಟ್ಟಿದ ಅಣುಜೀವಭೌತ ವಿಭಾಗ ಎರಡೂ ಇಂದಿಗೂ ಜೀವಂತವಾಗಿವೆ. ನಕ್ಷೆಯ ಸಹಕರ್ತೃಗಳಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಬೆಂಗಳೂರಿನಲ್ಲಿ ಆ ಕೆಲಸವನ್ನು ಮುಂದುವರಿಸಿದರು. ನಕ್ಷೆಗೆ ಒಬ್ಬರ ಹೆಸರೇ ಅಂಟಿಕೊಂಡು ಇನ್ನಿಬ್ಬರ ಹೆಸರು ಮರೆಯಾದದ್ದು ಲೋಕರೂಢಿ. ಆದರೆ ಬಹುಮಾನ ತಪ್ಪಿದುದಕ್ಕೆ ಮರುಗುವವರು ಈ ಇಬ್ಬರನ್ನು ನೆನೆಯದಿರುವುದು ಅಷ್ಟು ನ್ಯಾಯವಲ್ಲ.

೭

ಹೊರನಾಡ ಕನ್ನಡಿಗರಿಗೆ ಈ ವಿಚಾರದಿಂದ ಒದಗುವ ಪ್ರಶ್ನೆಯೊಂದುಂಟು. ರಾಮಚಂದ್ರನ್ ಮದರಾಸಿನಲ್ಲಿ ನಕ್ಷೆಯನ್ನು ರಚಿಸುತ್ತಿದ್ದ ಕಾಲದಲ್ಲಿ ಅದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಬಿ. ಜಿ. ಎಲ್. ಸ್ವಾಮಿ. ಗಿಡಮರಗಳ ಶಾಸ್ತ್ರವನ್ನು ಸರಸವಾದ ಕನ್ನಡದಲ್ಲಿ ಹೇಳಿದ ಅವರ ‘ಹಸುರು ಹೊನ್ನು’ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ್ದು ೧೯೧೮ರಷ್ಟು ಹಿಂದೆ. ಕನ್ನಡದಲ್ಲಿ ಶಾಸ್ತ್ರವನ್ನು ವಿವರಿಸುವ ಶಕ್ತಿಗೆ ಕೊರತೆಯಿಲ್ಲವೆಂಬುದಕ್ಕೆ ಇವೇ ಸಾಕ್ಷಿ. ಆದರೆ ವಿವರಿಸುವುದು ಬೇರೆ, ವಿಮರ್ಶಿಸುವುದು ಬೇರೆ. ಕಾವ್ಯವೊಂದು ಹೊರಬಂದರೆ ಅದರ ಗುಣದೋಷಗಳನ್ನು ತೂಗುವವರು ಕನ್ನಡದಲ್ಲಿ ಹಲವರು. ಸಂಶೋಧನೆಯನ್ನು ಹಾಗೆ ತೂಗುವ ಪದ್ಧತಿ ಇನ್ನೂ ಬೆಳೆಯಬೇಕಾಗಿದೆ. ಅದಿಲ್ಲದೆಡೆ ವಿಜ್ಞಾನಿಗೆ ದಕ್ಕುವುದು ಎರಡೇ: ಬದುಕಿದ್ದಾಗ ಸನ್ಮಾನ, ಸತ್ತಮೇಲೆ ಬಹುಮಾನ ತಪ್ಪಿದ ಗೋಳು.

ರಾಮಚಂದ್ರನ್ ಅವರು ೨೦೦೧ರ ಏಪ್ರಿಲ್ ೭ರಂದು ಚೆನ್ನೈಯಲ್ಲಿ ನಿಧನರಾದರು. ಅವರ ಪ್ರಭಾವವನ್ನು ಒಟ್ಟಿನಲ್ಲಿ ಹೀಗೆ ಸಂಗ್ರಹಿಸಬಹುದು: ಕೊಲಾಜೆನ್ನಿನಲ್ಲಿ ಮೂಲ ಕಲ್ಪನೆ ಅವರದು, ತಿದ್ದುಪಡಿ ಇತರರದೂ ಹೌದು, ನಕ್ಷೆಯಲ್ಲಿ ಕಲ್ಪನೆ, ಸಾಧನೆ ಎರಡೂ ಅವರ ಮತ್ತು ಅವರ ಸಂಗಡಿಗರವು, ಅದಕ್ಕೆ ಸಾಟಿ ಕಡಮೆ, ಛಾಯಾಗಣಿತದಲ್ಲಿ ಅವರು ಹಲವರಲ್ಲಿ ಮುಖ್ಯರು, ತರ್ಕದಲ್ಲಿ ಒಂಟಿ ಪಥಿಕರು. ಈ ತೂಕದಲ್ಲಿ ನೊಬೆಲ್ಲಿನ ಬಟ್ಟು ಇಡುವ ಅಗತ್ಯ ಎಲ್ಲಿಯೂ ಬರುವುದಿಲ್ಲ. ಯಾವ ದೇಶದ ಯಾವ ಪ್ರಯೋಗಶಾಲೆಯಲ್ಲಿ ಹೊಸ ಪ್ರೋಟೀನು ರಚನೆ ಸಿದ್ಧವಾದರೂ, ಅದನ್ನು ಕಟ್ಟಿದವನು ಮದರಾಸಿನಲ್ಲಿ ಎಳೆದ ಆ ಗೆರೆಗಳ ಒಳಗೆ ತನ್ನ ಕೆಲಸ ನಿಂತಿದೆಯೇ ಎಂದು ನೋಡಿಕೊಳ್ಳುತ್ತಾನೆ. ಒಬ್ಬ ವಿದ್ವಾಂಸನ ಸಂಶೋಧನೆಗೆ ಇದಕ್ಕಿಂತ ದೃಢವಾದ ಪ್ರಮಾಣಪತ್ರ ಬೇರೆ ಬೇಕಾಗಿಲ್ಲ.